ಕಣಕವಿಲ್ಲದ ಹೂರಣ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಹತ್ತಿರ ಬಂತೆಂದರೆ ಅಮೆರಿಕದ ದಿನಸಿ ಅಂಗಡಿಗಳಲ್ಲಿ ಒಣಬ್ರೆಡ್ಡಿನ ಚೂರುಗಳ ಚೀಲಗಳು ಗುಡ್ಡೆಗುಡ್ಡೆಯಾಗಿ ಬಂದು ಕೂರುತ್ತವೆ. ಈ ದೇಶಕ್ಕೆ ಬಂದ ಹೊಸತರಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಇದೊಂದು ಒಗಟು. ತಂಗಳು ಬ್ರೆಡ್ಡನ್ನು ದುಡ್ಡು ಕೊಟ್ಟು ಕೊಳ್ಳುವವರೂ ಇದ್ದಾರೆಯೇ? ಆಮೇಲೆ ಆಫೀಸಿನ ಗೆಳೆಯರು ಊಟಕ್ಕೆ ಕರೆಯುತ್ತಾರೆ. ಮೇಜಿನ ನಡುವೆ ಟರ್ಕಿ ಕೋಳಿ, ಅದರ ಪಕ್ಕದ ತಟ್ಟೆಯಲ್ಲಿ ಕಂದುಬಣ್ಣದ, ಉಪ್ಪಿಟ್ಟಿನಂಥ ಒಂದು ಭಕ್ಷ್ಯ. ಒಬ್ಬರು ಅದನ್ನು ‘ಸ್ಟಫಿಂಗ್’ ಎನ್ನುತ್ತಾರೆ, ಇನ್ನೊಬ್ಬರು ‘ಡ್ರೆಸ್ಸಿಂಗ್’ ಎನ್ನುತ್ತಾರೆ. ಡ್ರೆಸ್ಸಿಂಗ್ ಎಂದರೆ ಸೊಪ್ಪಿನ ಮೇಲೆ ಸುರಿಯುವ ಸಾಲಡ್ ಡ್ರೆಸ್ಸಿಂಗ್ ಅಲ್ಲವೇ ಎಂದು ನಾವು ತಬ್ಬಿಬ್ಬಾಗುತ್ತೇವೆ!

ಕನ್ನಡದಲ್ಲಿ ಯೋಚಿಸಿದರೆ ಒಗಟು ತಾನೇ ಬಿಡುತ್ತದೆ. ನಮ್ಮಲ್ಲಿ ‘ಹೂರಣ’ ಎಂಬ ಮಾತಿದೆಯಲ್ಲ, ಸ್ಟಫಿಂಗ್ ಎಂದರೆ ಅದೇ. ಹೋಳಿಗೆಯಲ್ಲಿ ಹೂರಣವನ್ನು ಕಣಕದೊಳಗೆ ತುಂಬುತ್ತೇವೆ. ಇಲ್ಲಿಯವರು ಬ್ರೆಡ್ಡು, ಈರುಳ್ಳಿ, ಸೆಲೆರಿ, ಬೆಣ್ಣೆ, ಸೇಜ್ ಎಲೆಗಳ ಹೂರಣವನ್ನು ಹಕ್ಕಿಯ ಹೊಟ್ಟೆಯೊಳಗೆ ತುಂಬುತ್ತಾರೆ. ಅದೇ ಹೂರಣವನ್ನು ಹಕ್ಕಿಗೆ ಸೋಕಿಸದೆ ಬೇರೆ ತಟ್ಟೆಯಲ್ಲಿ ಬೇಯಿಸಿದರೆ ಅದು ಡ್ರೆಸ್ಸಿಂಗ್. ಅಂದರೆ ಕಣಕವಿಲ್ಲದ ಹೂರಣ! ಪುಸ್ತಕದ ವ್ಯತ್ಯಾಸ ಇಷ್ಟೇ. ಆದರೆ ಮನೆಮನೆಯ ಮಾತು ಪುಸ್ತಕವನ್ನು ಕೇಳುವುದಿಲ್ಲ. ಈಶಾನ್ಯದ ರಾಜ್ಯಗಳಲ್ಲಿ ತಟ್ಟೆಯಲ್ಲಿ ಬೇಯಿಸಿದ್ದನ್ನೂ ಸ್ಟಫಿಂಗ್ ಎಂದೇ ಕರೆಯುತ್ತಾರೆ. ದಕ್ಷಿಣದವರಿಗೆ ಎಲ್ಲವೂ ಡ್ರೆಸ್ಸಿಂಗ್. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ಮನೆಗಳಲ್ಲಿ ಮೂರನೆಯ ಹೆಸರೊಂದಿದೆ, ‘ಫಿಲ್ಲಿಂಗ್’. ಅದರಲ್ಲಿ ಬ್ರೆಡ್ಡಿನ ಜೊತೆಗೆ ಮಸೆದ ಆಲೂಗಡ್ಡೆಯೂ ಇರುತ್ತದೆ.

ಈ ಬಾರಿಯ ಪತ್ರದಲ್ಲಿ ಈ ತಂಗಳು ಬ್ರೆಡ್ಡಿನ ಪುರಾಣವನ್ನು ಬಿಚ್ಚಲು ಕಾರಣವಿದೆ. ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿನಲ್ಲಿ ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳಬಹುದಾದ ಮುಖ್ಯ ಭಕ್ಷ್ಯ ಇದೊಂದೇ, ಸರಿಯಾಗಿ ಮಾಡಿದರೆ. ನಮ್ಮ ಮಕ್ಕಳು ಇಲ್ಲಿಯ ಮನೆಗಳಿಗೆ ಅಳಿಯಂದಿರಾಗಿ, ಸೊಸೆಯರಾಗಿ ಹೋಗುತ್ತಿದ್ದಾರೆ. ಅಲ್ಲಿಯವರು ನಮ್ಮ ಮನೆಗಳಿಗೆ ಬರುತ್ತಿದ್ದಾರೆ. ಮೇಜಿನ ಒಂದು ಮೂಲೆಯಲ್ಲಿ ‘ಇವರಿಗೆ ಮಾತ್ರ’ ಎಂದು ಪ್ರತ್ಯೇಕ ತಟ್ಟೆ ಇಡುವುದಕ್ಕೂ, ಎಲ್ಲರ ಕೈಯೂ ಒಂದೇ ತಟ್ಟೆಗೆ ಚಾಚುವುದಕ್ಕೂ ಬಹಳ ಅಂತರವಿದೆ. ಪಂಕ್ತಿಭೇದದ ಇತಿಹಾಸ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಚ್ಚಾದ ಹೂರಣ

ಹಕ್ಕಿಗೆ ಹೂರಣ ತುಂಬುವುದು ಅಮೆರಿಕನ್ನರು ಕಂಡುಹಿಡಿದದ್ದಲ್ಲ. ಪ್ರಾಚೀನ ರೋಮಿನ ‘ಅಪಿಸಿಯಸ್’ ಅಡುಗೆ ಗ್ರಂಥದಲ್ಲೇ ಪ್ರಾಣಿಗಳ ಹೊಟ್ಟೆಗೆ ಮಸಾಲೆ ತುಂಬುವ ವಿಧಾನಗಳಿವೆ. ಇನ್ನು 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸಿಗರೂ ವಾಂಪನೋಆಗ್ ಜನರೂ ಸೇರಿ ಉಂಡ ಊಟದ ಬಗ್ಗೆ ಎಡ್ವರ್ಡ್ ವಿನ್ಸ್‌ಲೋ ಬರೆದ ಪತ್ರದಲ್ಲಿ ಬೇಟೆಯಾಡಿ ತಂದ ಹಕ್ಕಿಗಳ ಮಾತಿದೆ, ವಾಂಪನೋಆಗ್ ಜನ ತಂದ ಐದು ಜಿಂಕೆಗಳ ಮಾತಿದೆ. ಹೂರಣದ ಸುದ್ದಿಯೇ ಇಲ್ಲ!

ಅಮೆರಿಕದವರೇ ಬರೆದು ಅಮೆರಿಕದಲ್ಲೇ ಅಚ್ಚಾದ ಮೊದಲ ಅಡುಗೆ ಪುಸ್ತಕವೆಂದು ಹೆಸರಾದದ್ದು ಅಮೀಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ (1796). ಅದರಲ್ಲಿ ಟರ್ಕಿಯ ಹೂರಣಕ್ಕೆ ಹೇಳಿದ ಸಾಮಗ್ರಿ ಇದು: ಒಂದು ಪೌಂಡ್ ಮೆತ್ತನೆಯ ಗೋಧಿ ಬ್ರೆಡ್ಡು, ಮೂರು ಔನ್ಸ್ ದನದ ಕೊಬ್ಬು, ಮೂರು ಮೊಟ್ಟೆ, ಥೈಮ್, ಮಾರ್ಜೊರಮ್, ಮೆಣಸು, ಉಪ್ಪು. ಕೊಬ್ಬಿನ ಜಾಗದಲ್ಲಿ ಬೆಣ್ಣೆ ಇಟ್ಟರೆ ಇಂದಿನ ಅಡುಗೆಗೂ ಅದಕ್ಕೂ ಹೆಚ್ಚು ದೂರವಿಲ್ಲ. ಅದರ ಜೊತೆಗೆ ಏನೇನು ಬಡಿಸಬೇಕು ಎಂಬ ಪಟ್ಟಿಯಲ್ಲಿ ಕ್ರ್ಯಾನ್‌ಬೆರಿ ಸಾಸ್ ಜೊತೆಗೆ ‘ಮ್ಯಾಂಗೋ’ ಕೂಡ ಇದೆ. 1796ರ ಕನೆಕ್ಟಿಕಟ್‌ನಲ್ಲಿ ಮಾವಿನಕಾಯಿ ಎಲ್ಲಿಂದ ಬರಬೇಕು? ಇಂಡಿಯಾದಿಂದ ಇಂಗ್ಲೆಂಡಿಗೆ ಹೋದ ಮಾವಿನ ಉಪ್ಪಿನಕಾಯಿಯ ರುಚಿ ಹತ್ತಿ, ಆ ಕಾಲದವರು ಎಳೆಯ ಕರಬೂಜದ ಹೊಟ್ಟೆ ಸೀಳಿ, ಬೆಳ್ಳುಳ್ಳಿ, ಶುಂಠಿ, ಸಾಸಿವೆ ತುಂಬಿ ಉಪ್ಪಿನಕಾಯಿ ಹಾಕಿ ಅದಕ್ಕೇ ‘ಮ್ಯಾಂಗೋ’ ಎಂದು ಹೆಸರಿಟ್ಟಿದ್ದರು. ಅಂದರೆ ಈ ಮೇಜಿಗೆ ನಾವು ಬರುವ ಮೊದಲೇ ನಮ್ಮ ಭರಣಿ ಬಂದು ಕೂತಿತ್ತು!

ಹೂರಣಕ್ಕೂ ಈ ಹಬ್ಬಕ್ಕೂ ಗಂಟು ಹಾಕಿದ್ದರಲ್ಲಿ ಒಂದು ಕಾದಂಬರಿಯ ಪಾಲೂ ಇದೆ ಎಂಬುದು ನಮ್ಮಂಥ ಸಾಹಿತ್ಯದ ಹುಚ್ಚಿನವರಿಗೆ ಖುಷಿ ಕೊಡುವ ಸಂಗತಿ. ಸಾರಾ ಜೋಸೆಫಾ ಹೇಲ್ 1827ರಲ್ಲಿ ಬರೆದ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ನ್ಯೂ ಇಂಗ್ಲೆಂಡಿನ ಥ್ಯಾಂಕ್ಸ್‌ಗಿವಿಂಗ್ ಊಟದ ದೀರ್ಘ ವರ್ಣನೆಯಿದೆ. ಹೂರಣ ತುಂಬಿದ ಟರ್ಕಿಗೆ ಅಲ್ಲಿ ಮೇಜಿನ ತಲೆಭಾಗದ ಅಗ್ರಪೀಠ. ಮುಂದೆ ಪತ್ರಿಕೆಯೊಂದರ ಸಂಪಾದಕಿಯಾದ ಆಕೆ ಇದನ್ನು ರಾಷ್ಟ್ರೀಯ ಹಬ್ಬವಾಗಿಸಬೇಕೆಂದು ವರ್ಷಗಟ್ಟಲೆ ಬರೆದರು. ಕೊನೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ಘೋಷಣೆ ಹೊರಡಿಸಿದರು. ನವೆಂಬರಿನ ನಾಲ್ಕನೆಯ ಗುರುವಾರವೇ ಹಬ್ಬವೆಂದು ಕಾನೂನಾದದ್ದು 1941ರಲ್ಲಿ.

ಊರಿಗೊಂದು ರುಚಿ

ಸಾರಿನ ಪುಡಿಯ ವಿಷಯದಲ್ಲಿ ಮೈಸೂರಿನವರೂ ಮಂಗಳೂರಿನವರೂ ಧಾರವಾಡದವರೂ ಒಪ್ಪಿದ್ದುಂಟೇ? ಇಲ್ಲೂ ಹಾಗೆಯೇ. ಬ್ರೆಡ್ಡು ಎಲ್ಲಿಯದು ಎಂಬುದರ ಮೇಲೆ ಮನೆತನ ಹೇಳಬಹುದು. ದಕ್ಷಿಣದಲ್ಲಿ ಗೋಧಿ ಬ್ರೆಡ್ಡಿಗಿಂತ ಮುಸುಕಿನ ಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ಡೇ ದೊಡ್ಡದು. ಅದಕ್ಕೆ ಸಕ್ಕರೆ ಹಾಕಿದರೆ ಅಲ್ಲಿಯ ಹಿರಿಯರು ಸಾರಿಗೆ ಸಕ್ಕರೆ ಬಿದ್ದಂತೆ ಮುಖ ಮಾಡುತ್ತಾರೆ. ಲೂಸಿಯಾನಾದಲ್ಲಿ ಬ್ರೆಡ್ಡನ್ನೇ ಬಿಟ್ಟು ಅನ್ನದ ಡ್ರೆಸ್ಸಿಂಗ್ ಮಾಡುವವರಿದ್ದಾರೆ. ಮಿನೆಸೋಟಾದಲ್ಲಿ ವೈಲ್ಡ್ ರೈಸ್. ಹೆಸರಿಗೆ ಅಕ್ಕಿಯಾದರೂ ಅದು ಕೆರೆಗಳಲ್ಲಿ ಬೆಳೆಯುವ ಒಂದು ಹುಲ್ಲಿನ ಕಾಳು, ಅಲ್ಲಿಯ ಒಜಿಬ್ವೆ ಜನರ ‘ಮನೂಮಿನ್’. ಅವರು ದೋಣಿಯಲ್ಲಿ ಹೋಗಿ ಕೋಲಿನಿಂದ ತೆನೆ ಬಡಿದು ಕಾಳು ಉದುರಿಸಿ ತರುತ್ತಾರೆ. ಕಡಲಂಚಿನ ಊರುಗಳಲ್ಲಿ ಆಯಿಸ್ಟರ್ ಎನ್ನುವ ಸಿಂಪಿ ಸೇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹುಳಿಹಿಟ್ಟಿನ ಸಾರ್‌ಡೋ ಬ್ರೆಡ್ಡು.

ಮಸಾಲೆಯಲ್ಲೂ ಬಣಗಳಿವೆ. ನ್ಯೂ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ 1867ರಿಂದ ಬಂದ ‘ಬೆಲ್ಸ್ ಸೀಸನಿಂಗ್’ ಎಂಬ ಪುಟ್ಟ ಪೆಟ್ಟಿಗೆಯ ಪುಡಿ ಇಲ್ಲದೆ ಹಬ್ಬವಿಲ್ಲ. ನಮ್ಮವರು ಊರಿನಿಂದ ಒಂದೇ ಅಂಗಡಿಯ ಸಾಂಬಾರ್ ಪುಡಿ ತರಿಸಿಕೊಳ್ಳುವ ಹಾಗೆ, ದೂರದ ರಾಜ್ಯಗಳಿಗೆ ಹೋದವರು ಅದನ್ನು ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ.

ಇನ್ನು ಡಬ್ಬದ ಕಥೆ. 1972ರಲ್ಲಿ ಜನರಲ್ ಫುಡ್ಸ್ ಕಂಪನಿ ‘ಸ್ಟವ್ ಟಾಪ್’ ಎಂಬ ದಿಢೀರ್ ಸ್ಟಫಿಂಗ್ ಮಾರುಕಟ್ಟೆಗೆ ತಂದಿತು. ಇದರ ಹಿಂದಿದ್ದವರು ರೂತ್ ಸೀಮ್ಸ್ ಎಂಬ ಗೃಹವಿಜ್ಞಾನಿ. 1975ರಲ್ಲಿ ಬಂದ ಪೇಟೆಂಟ್‌ನಲ್ಲಿ ಆಕೆಯ ಹೆಸರೂ ಇದೆ. ಗುಟ್ಟು ಇದ್ದದ್ದು ಮಸಾಲೆಯಲ್ಲಲ್ಲ, ಬ್ರೆಡ್ಡಿನ ಚೂರಿನ ಗಾತ್ರದಲ್ಲಿ. ತೀರ ಸಣ್ಣದಾದರೆ ಬಿಸಿನೀರು ಬಿದ್ದೊಡನೆ ಗಂಜಿ, ತೀರ ದೊಡ್ಡದಾದರೆ ನಡುವೆ ಕಲ್ಲು. ಮನೆಯಲ್ಲಿ ಮಾಡುವಾಗಲೂ ಇದೇ ನಿಯಮ. ಡಬ್ಬದ್ದನ್ನೇ ತಿಂದು ಬೆಳೆದವರಿಗೆ ಅದೇ ಅಮ್ಮನ ಕೈರುಚಿ. ಅವರನ್ನು ನೋಡಿ ನಗುವ ಹಾಗಿಲ್ಲ. ನಮ್ಮಲ್ಲೂ ಎಂಟಿಆರ್ ಪುಡಿಯನ್ನೇ ಅಮ್ಮನ ರುಚಿ ಎಂದುಕೊಂಡ ಮಕ್ಕಳು ಮನೆಮನೆಯಲ್ಲೂ ಇದ್ದಾರಲ್ಲ!

ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮಗೆ ಇದರಲ್ಲಿ ಪರಿಚಿತವಾದದ್ದೊಂದು ಕಾಣುತ್ತದೆ. ದಿನನಿತ್ಯದ ಅಡುಗೆಯನ್ನು ವಾರಕ್ಕೊಮ್ಮೆ ಬದಲಿಸಿದರೂ ಯಾರೂ ಕೇಳುವುದಿಲ್ಲ. ವರ್ಷಕ್ಕೊಮ್ಮೆ ಮಾಡುವ ಹಬ್ಬದ ಅಡುಗೆಯಲ್ಲಿ ಒಂದು ದ್ರಾಕ್ಷಿ ಹೆಚ್ಚಾದರೂ ಇಡೀ ಮನೆ ದೂರು ದಾಖಲಿಸುತ್ತದೆ. ಕಾರಣ ಸರಳ. ದಿನದ ಅಡುಗೆಯಲ್ಲಿ ನಾಲಿಗೆ ಬಯಸುವುದು ರುಚಿ, ಹಬ್ಬದ ಅಡುಗೆಯಲ್ಲಿ ಬಯಸುವುದು ನೆನಪು. ಆದ್ದರಿಂದಲೇ ಮದುವೆಯಾದ ಹೊಸತರಲ್ಲಿ ಎರಡೂ ಕಡೆಯ ತಾಯಂದಿರ ಪಾಕಗಳು ಒಂದೇ ಮೇಜಿನ ಮೇಲೆ ಎರಡು ತಟ್ಟೆಗಳಾಗಿ ನಿಲ್ಲುತ್ತವೆ. ಬುದ್ಧಿವಂತರು ಎರಡರಿಂದಲೂ ಸಮನಾಗಿ ಬಡಿಸಿಕೊಳ್ಳುತ್ತಾರೆ.

ಹಕ್ಕಿಯಿಂದ ತಟ್ಟೆಗೆ

ಹಕ್ಕಿಯೊಳಗೆ ತುಂಬಿ ಬೇಯಿಸುವುದರಲ್ಲಿ ಒಂದು ನಿಜವಾದ ತೊಡಕಿದೆ. ಬೇಯುವಾಗ ಹಸಿ ಮಾಂಸದ ರಸ ಬ್ರೆಡ್ಡಿಗೆ ಇಳಿಯುತ್ತದೆ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇದ್ದರೆ ಅವೂ ಇಳಿಯುತ್ತವೆ. ಆದ್ದರಿಂದ ಹೂರಣದ ನಟ್ಟನಡುವೆಯೂ ಉಷ್ಣಾಂಶ 165 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 74 ಸೆಲ್ಸಿಯಸ್) ಮುಟ್ಟಲೇಬೇಕು. ಆದರೆ ಶಾಖ ಕೊನೆಗೆ ತಲುಪುವುದು ಅಲ್ಲಿಗೇ. ಅಲ್ಲಿ ಮುಟ್ಟುವ ಹೊತ್ತಿಗೆ ಹೊರಗಿನ ಎದೆಭಾಗದ ಮಾಂಸ ಒಣಗಿ ನಾರಾಗಿರುತ್ತದೆ. ಒಂದಕ್ಕೊಂದು ಅಂಟಿಸಬಾರದ ಎರಡು ಕೆಲಸಗಳನ್ನು ಒಂದೇ ಪ್ರೋಗ್ರಾಮಿಗೆ ಅಂಟಿಸಿದರೆ ಆಗುವ ಪಾಡೇ ಇದು. ಅಮೆರಿಕದ ಕೃಷಿ ಇಲಾಖೆಯೂ ಬೇರೆ ತಟ್ಟೆಯಲ್ಲಿ ಬೇಯಿಸುವುದೇ ಕ್ಷೇಮ ಎನ್ನುತ್ತದೆ.

ತಟ್ಟೆಗೆ ಬಂದರೆ ಇನ್ನೂ ಒಂದು ಲಾಭ: ಗರಿಗರಿ ಅಂಚು. ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ಮೇಲ್ಪದರ ಹೆಚ್ಚು ಗರಿಯಾಗುತ್ತದೆ. ಆಳವಾದ ಪಾತ್ರೆಯಲ್ಲಿ ಒಳಗೆ ಮೆತ್ತಗಿರುತ್ತದೆ. ಮೂಲೆಯ ತುಂಡಿಗೆ ಜಗಳವಾಡುವ ಮಕ್ಕಳಿದ್ದರೆ ಮೊದಲನೆಯದು, ಹಲ್ಲಿಲ್ಲದ ಹಿರಿಯರಿದ್ದರೆ ಎರಡನೆಯದು. ಇಬ್ಬರೂ ಇದ್ದರೆ ಎರಡು ತಟ್ಟೆ!

ಬ್ರೆಡ್ಡು ತಂಗಳಾಗಬೇಕು ಎನ್ನುವುದರ ಹಿಂದಿನ ವಿಜ್ಞಾನವೂ ಸ್ವಾರಸ್ಯದ್ದು. ಬ್ರೆಡ್ಡು ಹಳತಾಗುವುದು ಎಂದರೆ ಬರೀ ಒಣಗುವುದಲ್ಲ. ಅದರಲ್ಲಿನ ಪಿಷ್ಟದ ಕಣಗಳು ಮತ್ತೆ ಸಾಲುಗಟ್ಟಿ ಗಟ್ಟಿಯಾಗುತ್ತವೆ. ತೇವ ಹಾಗೇ ಇದ್ದರೂ ಹೀಗಾಗುತ್ತದೆ. (ನಿನ್ನೆಯ ಅನ್ನದಲ್ಲಿ ಚಿತ್ರಾನ್ನ ಉದುರುದುರಾಗಿ ಬರುವುದೂ ಇದೇ ಕಾರಣಕ್ಕೆ.) ಡ್ರೆಸ್ಸಿಂಗಿಗೆ ಬೇಕಾದದ್ದು ಮಾತ್ರ ನಿಜವಾಗಿ ಒಣಗಿದ ಬ್ರೆಡ್ಡು, ಏಕೆಂದರೆ ತೇವ ಹೋದ ಜಾಗಕ್ಕೇ ಸಾರು ಬಂದು ಕೂರಬೇಕು. ಆದ್ದರಿಂದ ಕವರಿನಲ್ಲಿ ಮೂರು ದಿನ ಇಟ್ಟು ಕಾಯುವುದಕ್ಕಿಂತ ತಾಜಾ ಬ್ರೆಡ್ಡನ್ನೇ ಕತ್ತರಿಸಿ ಅವನ್‌ನಲ್ಲಿ ಒಣಗಿಸುವುದು ಮೇಲು.

ಪಕ್ಕದ ಮನೆಯ ಅಜ್ಜಿಯ ಪಾಕ

ನಮ್ಮ ಮನೆಗೆ ಈ ಅಡುಗೆ ಬಂದದ್ದು ಪುಸ್ತಕದಿಂದಲ್ಲ. ಪಕ್ಕದ ಮನೆಯಲ್ಲಿ ಅಲಬಾಮಾದಿಂದ ಬಂದು ನೆಲೆಸಿದ್ದ ಒಬ್ಬರು ಹಿರಿಯರಿದ್ದರು. ನಮ್ಮ ಮಕ್ಕಳಿಗೆ ಅವರು ಅಜ್ಜಿಯೇ. ಮೊದಲ ವರ್ಷ ಹಬ್ಬಕ್ಕೆ ಕರೆದಾಗ ನಾವು ಮಾಂಸ ತಿನ್ನುವುದಿಲ್ಲವೆಂದು ತಿಳಿದು ನಮಗಾಗಿ ಕೋಳಿಸಾರು ಹಾಕದ ಸಣ್ಣ ತಟ್ಟೆಯೊಂದನ್ನು ಮಾಡಿ, ಗುರುತಿಗೆ ಹಲ್ಲುಕಡ್ಡಿ ಸಿಕ್ಕಿಸಿದ್ದರು. ಮರುವರ್ಷ ಹೋದರೆ ಹಲ್ಲುಕಡ್ಡಿ ಇರಲಿಲ್ಲ. ಕೇಳಿದ್ದಕ್ಕೆ, “ಈ ಸಲ ಎಲ್ಲದಕ್ಕೂ ತರಕಾರಿ ಸಾರನ್ನೇ ಹಾಕಿದ್ದೇನೆ. ಗ್ರೇವಿ ಬೇಕಾದವರು ತಮ್ಮ ತಟ್ಟೆಗೆ ತಾವೇ ಸುರಿದುಕೊಳ್ಳಲಿ. ನೀವು ಆ ಮೂಲೆಯಲ್ಲಿ ಕೂತು ಬೇರೆ ತಿನ್ನುವುದು ನನಗೆ ಸರಿಬರಲಿಲ್ಲ” ಎಂದರು. ಅವರ ಮಗನೂ ಮೊಮ್ಮಕ್ಕಳೂ ವ್ಯತ್ಯಾಸ ಗೊತ್ತಾಗದೆಯೇ ಎರಡು ಸಲ ಬಡಿಸಿಕೊಂಡರು. ಸೇಜ್, ಬೆಣ್ಣೆ, ಈರುಳ್ಳಿ ಗಟ್ಟಿಯಾಗಿದ್ದರೆ ಸಾರು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ ಎಂಬ ಪಾಠ ನಮಗೆ ಸಿಕ್ಕಿದ್ದು ಅಲ್ಲೇ.

ಪಾಕ ಬರೆದುಕೊಡಿ ಎಂದರೆ ನಮ್ಮ ಅಮ್ಮಂದಿರದೇ ಉತ್ತರ: “ಬರೆಯುವುದೇನು, ಕೈಗೆ ಗೊತ್ತು.” ಕೊನೆಗೆ ಒಂದು ಶನಿವಾರ ನಾವು ಅಳತೆಯ ಬಟ್ಟಲು, ತಕ್ಕಡಿ ಹಿಡಿದು ಅವರ ಅಡುಗೆಮನೆಯಲ್ಲಿ ನಿಂತೆವು. ಅವರು ಹಿಡಿಯಲ್ಲಿ ಎತ್ತಿದ್ದನ್ನೆಲ್ಲ ಪಾತ್ರೆಗೆ ಬೀಳುವ ಮೊದಲು ತಡೆದು ಅಳೆದೆವು. ಅವರು ನಕ್ಕೂ ನಕ್ಕೂ ಸುಸ್ತಾದರು. ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಮರು ನವೆಂಬರಿನಲ್ಲಿ ಟೆಕ್ಸಸ್‌ನಿಂದ ಅವರ ಮಗನ ಫೋನು: “ಅಮ್ಮ ಎಲ್ಲೂ ಬರೆದಿಟ್ಟಿಲ್ಲ. ನಿಮ್ಮ ಹತ್ತಿರ ಏನಾದರೂ ಇದೆಯೇ?” ಆ ರಾತ್ರಿಯೇ ಇಮೇಲ್ ಮಾಡಿದೆವು. ಅಲಬಾಮಾದ ಒಂದು ಮನೆತನದ ರುಚಿ ಕನ್ನಡದಲ್ಲಿ ಬರೆದ ಒಂದು ನೋಟುಪುಸ್ತಕದಿಂದ ಆ ಮನೆಗೆ ಹಿಂದಿರುಗಿತು. ಮಗ ಅನುಮತಿ ಕೊಟ್ಟಿದ್ದಾರೆ, ಆದ್ದರಿಂದ ಇಲ್ಲಿ ಕೊಡುತ್ತಿದ್ದೇವೆ.

ಅಜ್ಜಿಯ ಕಾರ್ನ್‌ಬ್ರೆಡ್ ಡ್ರೆಸ್ಸಿಂಗ್ (ಹತ್ತು ಜನರಿಗೆ): ಹಿಂದಿನ ದಿನ ಎರಡು ಕಪ್ ಬಿಳಿಯ ಕಾರ್ನ್‌ಮೀಲ್, ಎರಡು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು, ಎರಡು ಮೊಟ್ಟೆ, ಒಂದೂಮುಕ್ಕಾಲು ಕಪ್ ಬಟರ್‌ಮಿಲ್ಕ್, ಕಾಲು ಕಪ್ ಕರಗಿಸಿದ ಬೆಣ್ಣೆ ಕಲಸಿ, ಕಾದ ಕಬ್ಬಿಣದ ಬಾಣಲೆಗೆ ಸುರಿದು 425 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಸಕ್ಕರೆ ಬೇಡ. ಮರುದಿನ ಅದನ್ನು ಪುಡಿಮಾಡಿ, ನಾಲ್ಕು ಸ್ಲೈಸ್ ಸುಟ್ಟ ಬ್ರೆಡ್ಡನ್ನೂ ಹರಿದು ಹಾಕಿ. ಒಂದು ಕಡ್ಡಿ ಬೆಣ್ಣೆಯಲ್ಲಿ (113 ಗ್ರಾಂ) ಎರಡು ಈರುಳ್ಳಿ, ಒಂದೂವರೆ ಕಪ್ ಹೆಚ್ಚಿದ ಸೆಲೆರಿ ಮೆತ್ತಗಾಗುವವರೆಗೆ ಬಾಡಿಸಿ. ಎರಡು ಚಮಚ ಒಣ ಸೇಜ್, ಒಂದು ಚಮಚ ಮೆಣಸಿನ ಪುಡಿ (ಕರಿಮೆಣಸು, ಬ್ಯಾಡಗಿಯಲ್ಲ!), ಮೂರು ಮೊಟ್ಟೆ, ಸುಮಾರು ನಾಲ್ಕು ಕಪ್ ತರಕಾರಿ ಸಾರು ಸೇರಿಸಿ. ಮೊಟ್ಟೆ ಹಾಕುವ ಮೊದಲೇ ಉಪ್ಪು ನೋಡಿಕೊಳ್ಳಿ. ಹದ ಇಡ್ಲಿ ಹಿಟ್ಟಿನಷ್ಟು ಸಡಿಲವಾಗಿರಬೇಕು. ಹೆದರಬೇಡಿ, ಜೋಳ ಎಲ್ಲವನ್ನೂ ಕುಡಿಯುತ್ತದೆ. 9 ಇಂಚು 13 ಇಂಚಿನ ತಟ್ಟೆಗೆ ಬೆಣ್ಣೆ ಸವರಿ, 375 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ.

ಮೊಟ್ಟೆಯೂ ಬೇಡದವರಿಗೆ ಬ್ರೆಡ್ ಡ್ರೆಸ್ಸಿಂಗ್ (ಎಂಟು ಜನರಿಗೆ): ಒಂದು ಪೌಂಡ್ ಗಟ್ಟಿ ಬಿಳಿ ಬ್ರೆಡ್ಡನ್ನು ಮುಕ್ಕಾಲು ಇಂಚಿನ ಚೂರು ಮಾಡಿ 275 ಡಿಗ್ರಿಯಲ್ಲಿ ಸುಮಾರು ಮುಕ್ಕಾಲು ಗಂಟೆ ಒಣಗಿಸಿ. ಒಂದು ಕಡ್ಡಿ ಬೆಣ್ಣೆ, ಎರಡು ಈರುಳ್ಳಿ, ನಾಲ್ಕು ದಂಟು ಸೆಲೆರಿ ಬಾಡಿಸಿ. ದೊಡ್ಡ ಚಮಚದಲ್ಲಿ ಎರಡು ಹೆಚ್ಚಿದ ಹಸಿ ಸೇಜ್, ಒಂದು ಥೈಮ್, ಒಂದು ಹಿಡಿ ಪಾರ್ಸ್ಲಿ, ಉಪ್ಪು, ಮೆಣಸು. ಎರಡೂವರೆ ಕಪ್ ಬಿಸಿ ತರಕಾರಿ ಸಾರನ್ನು ಎರಡು ಮೂರು ಸಲವಾಗಿ ಚಿಮುಕಿಸಿ ಮೆಲ್ಲಗೆ ಮಗುಚಿ. 350 ಡಿಗ್ರಿಯಲ್ಲಿ ಫಾಯಿಲ್ ಮುಚ್ಚಿ 30 ನಿಮಿಷ, ತೆಗೆದು 20 ನಿಮಿಷ. ಮೊಟ್ಟೆಯಿಲ್ಲದ್ದರಿಂದ ತುಂಡಾಗಿ ಕತ್ತರಿಸಲು ಬರುವುದಿಲ್ಲ, ಚಮಚದಲ್ಲಿ ಬಡಿಸಬೇಕು. ರುಚಿಗೆ ಕೊರತೆಯಿಲ್ಲ.

ಎಚ್ಚರಿಕೆಯ ಮಾತೊಂದು. ಅಂಗಡಿಯ ಡಬ್ಬದ ಮಿಶ್ರಣಗಳನ್ನು ಬರೀ ಬ್ರೆಡ್ಡೆಂದು ನಂಬಿ ಕೊಳ್ಳಬೇಡಿ. ಹಲವು ಬಗೆಗಳಲ್ಲಿ ಕೋಳಿಸಾರು ಸೇರಿರುತ್ತದೆ, ಪೆಟ್ಟಿಗೆಯ ಹಿಂಬದಿ ಓದಿ. ಬೇರೆಯವರ ಮನೆಗೆ ಹೋಗುವುದಾದರೆ “ಡ್ರೆಸ್ಸಿಂಗ್ ನಾವು ತರುತ್ತೇವೆ” ಎಂದು ಎರಡು ವಾರ ಮೊದಲೇ ಹೇಳಿಬಿಡಿ. ಆದರೆ ಆ ಮನೆಯ ಹಿರಿಯರ ಡ್ರೆಸ್ಸಿಂಗಿಗೆ ಬದಲಾಗಿ ಅಲ್ಲ, ಅದರ ಪಕ್ಕಕ್ಕೆ. ಅವರ ಸ್ಥಾನಕ್ಕೆ ಕೈ ಹಾಕಿದರೆ ಸಂಬಂಧ ಕೆಡುತ್ತದೆ!

ಹಸಿಮೆಣಸು, ಶುಂಠಿ, ಕರಿಬೇವು ಹಾಕಬಹುದೇ ಎಂದು ಕೂಟದ ಗೆಳೆಯರು ಕೇಳುವುದುಂಟು. ಹಸಿಮೆಣಸು ಧಾರಾಳವಾಗಿ ಹಾಕಿ, ಕಾರ್ನ್‌ಬ್ರೆಡ್ಡಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಸಾಸಿವೆ ಸಿಡಿಸಿ ಅರಿಶಿನ ಹಾಕಿದಿರೋ, ಅದು ಬ್ರೆಡ್ ಉಪ್ಪಿಟ್ಟು. ಅದೂ ಒಳ್ಳೆಯ ತಿಂಡಿಯೇ, ಆದರೆ ಬೇರೆ ತಿಂಡಿ. ಮೊದಲು ವರ್ಣ ಕಲಿತು ಆಮೇಲೆ ಕಲ್ಪನಾಸ್ವರಕ್ಕೆ ಇಳಿಯುವ ಕ್ರಮ ಅಡುಗೆಗೂ ಸಲ್ಲುತ್ತದೆ. ಒಂದೆರಡು ವರ್ಷ ಅವರದನ್ನು ಅವರ ಹಾಗೆಯೇ ಮಾಡಿ ನೋಡೋಣ. ಆಮೇಲೆ ನಮ್ಮದು ತಾನಾಗಿ ಬಂದು ಸೇರುತ್ತದೆ.

ಕೊನೆಗೆ ಒಂದು ಕೋರಿಕೆ. ಕಾಲೇಜಿಗೆ ಹೋದ ನಮ್ಮ ಮಕ್ಕಳು ನವೆಂಬರಿನಲ್ಲಿ ಮನೆಗೆ ಬಂದಾಗ ಹೋಳಿಗೆಗಿಂತ ಮೊದಲು ಡ್ರೆಸ್ಸಿಂಗ್ ಕೇಳಿದರೆ ಬೇಸರ ಪಡಬೇಡಿ. ಹೂರಣ ಎರಡೂ ಕಡೆಯದು. ಅವರ ನೆನಪಿನ ಹೊಟ್ಟೆ ದೊಡ್ಡದು. ಈ ಸಲ ಮಾಡುವಾಗ ಅಳೆದು ಬರೆದಿಡಿ, ಹೋಳಿಗೆಯದನ್ನೂ ಡ್ರೆಸ್ಸಿಂಗಿನದನ್ನೂ ಒಂದೇ ಪುಸ್ತಕದಲ್ಲಿ. ಮಿಕ್ಕ ಡ್ರೆಸ್ಸಿಂಗನ್ನು ಮರುದಿನ ಬೆಳಿಗ್ಗೆ ತುಂಡು ಮಾಡಿ, ಕಾವಲಿಯ ಮೇಲೆ ಬೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಹುರಿದು, ಮೇಲೊಂದಿಷ್ಟು ಮಾವಿನ ಉಪ್ಪಿನಕಾಯಿಯ ರಸ ಸವರಿ ತಿನ್ನಿ. ಸಿಮನ್ಸಮ್ಮನವರೂ ಬೇಡವೆನ್ನಲಾರರು.